ಬೇಡ ಅನ್ನುವುದಾದರೆ ಬರೆದು ಕೊಡಿ

ಇವರಿಗೆ,
ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ವಿಷಯ: ನಾಟಕ ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿರುವ ಮತ್ತು ನಿರಾಕರಿಸಿದ್ದನ್ನು ಲಿಖಿತವಾಗಿ ಕೊಡದಿರುವ ಬಗ್ಗೆ.

ಉಲ್ಲೇಖ: 1. ನಮ್ಮ ತಂಡದ ಅರ್ಜಿ (ಸ್ವೀಕೃತಿ ಸೀಲು ಹಾಕಿಕೊಟ್ಟಿಲ್ಲ). 2. ಠಾಣೆಯ ಉತ್ತರ (ಬಾಯಿಮಾತು). 3. ಮಾಹಿತಿ ಹಕ್ಕಿನಡಿ ಬಂದ ಪತ್ರ (ಕೈಯಲ್ಲಿರುವುದು ಇದೊಂದೇ).

ಉಲ್ಲೇಖದ ಜಾಗದಲ್ಲಿ ಪತ್ರದ ಸಂಖ್ಯೆ, ದಿನಾಂಕ ಇರಬೇಕೆಂಬುದು ನನಗೆ ಚೆನ್ನಾಗಿಯೇ ಗೊತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಮೂವತ್ತೊಂದು ವರ್ಷ ಕಡತಗಳಿಗೆ ಟ್ಯಾಗ್ ಕಟ್ಟಿದ್ದೇನೆ, ಸಾವಿರಾರು ಅರ್ಜಿಗಳಿಗೆ ಹಿಂಬರಹ ಬರೆದಿದ್ದೇನೆ. 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಈ ಕೆಳಕಂಡ ಕಾರಣಗಳಿಂದ ಪರಿಗಣಿಸಲು ಅವಕಾಶವಿರುವುದಿಲ್ಲ' ಎಂಬ ಸಾಲು ಈಗಲೂ ನಿದ್ದೆಯಲ್ಲಿ ಬರುತ್ತದೆ. ಆ ಹಿಂಬರಹವನ್ನೇ ಹಿಡಿದುಕೊಂಡು ಎ.ಸಿ. ಕೋರ್ಟಿಗೆ ಹೋಗಿ, ನಮ್ಮ ಆದೇಶ ರದ್ದು ಮಾಡಿಸಿಕೊಂಡು ಬಂದು, ನನ್ನ ಮೇಜಿನ ಮೇಲೆ ಕಾಗದ ಇಟ್ಟು ಮೀಸೆ ತಿರುವಿದ ರೈತರನ್ನೂ ಕಂಡಿದ್ದೇನೆ. ಅವಮಾನ ಅನ್ನಿಸಿರಲಿಲ್ಲ. ಹಿಂಬರಹ ಇರುವುದೇ ಅದಕ್ಕೆ.

ಈಗ ನಾನು ಮೇಜಿನ ಆಚೆ ಬದಿಯಲ್ಲಿ ನಿಂತಿದ್ದೇನೆ, ನನಗೆ ಹಿಂಬರಹ ಸಿಗುತ್ತಿಲ್ಲ.

ನಮ್ಮದೊಂದು ಹವ್ಯಾಸಿ ನಾಟಕ ತಂಡ. ಹದಿನಾಲ್ಕು ಜನ. ಇಬ್ಬರು ಮೇಷ್ಟ್ರು, ಒಬ್ಬರು ಅಂಗನವಾಡಿ ಟೀಚರಮ್ಮ, ಒಬ್ಬ ನಿವೃತ್ತ ಲೈನ್‌ಮನ್, ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು. ವರ್ಷಕ್ಕೆ ಒಂದು ನಾಟಕ, ಊರಿನ ಸಮುದಾಯ ಭವನದಲ್ಲಿ. ಈ ಸಲದ ನಾಟಕ ನಾನೇ ಬರೆದದ್ದು, ಹೆಸರು 'ಒಂದು ಕೆರೆಯ ಪಹಣಿ'. ಕೆರೆಯೊಂದು ದಾಖಲೆಯಿಂದ ಕಾಣೆಯಾಗಿದೆ. ನೀರಿದೆ, ಏರಿಯಿದೆ, ತೂಬಿದೆ, ಪಹಣಿಯಲ್ಲಿ ಮಾತ್ರ ಇಲ್ಲ. ಒಂದು ಕಪ್ಪೆ ಅರ್ಜಿ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಬರುತ್ತದೆ. ತಲೆತಲಾಂತರದಿಂದ ಅನುಭವದಲ್ಲಿದ್ದೇನೆ, 9ನೇ ಕಾಲಂನಲ್ಲಿ ನನ್ನ ಹೆಸರು ಸೇರಿಸಿ ಅನ್ನುತ್ತದೆ. ಗುಮಾಸ್ತ ವಂಶವೃಕ್ಷ ಕೇಳುತ್ತಾನೆ. ಅಲ್ಲಿಂದ ಶುರು. ಕಂದಾಯ ಇಲಾಖೆಯಲ್ಲಿ ಇದ್ದವನಿಗೆ ಇದನ್ನು ಬರೆಯಲು ಕಲ್ಪನಾಶಕ್ತಿ ಹೆಚ್ಚೇನೂ ಬೇಕಿರಲಿಲ್ಲ ಎಂಬುದನ್ನು ತಮ್ಮಲ್ಲಿ ಮುಚ್ಚಿಡುವುದಿಲ್ಲ.

ಅದರಲ್ಲಿ ಒಬ್ಬ ಅಧ್ಯಕ್ಷರ ಪಾತ್ರವಿದೆ. ಬಿಳಿ ಶರ್ಟು, ಕಪ್ಪು ಕನ್ನಡಕ. ರಾತ್ರಿಯ ದೃಶ್ಯದಲ್ಲೂ ಕನ್ನಡಕ ತೆಗೆಯುವುದಿಲ್ಲ. ರಿಹರ್ಸಲ್ ನೋಡಲು ಬಂದಿದ್ದವರೊಬ್ಬರು ಊರಲ್ಲಿ ಹೋಗಿ, ಇದು ಇಂಥವರನ್ನೇ ಕುರಿತದ್ದು ಅಂದರಂತೆ. ನಿಜ ಹೇಳಬೇಕೆಂದರೆ ಆ ಪಾತ್ರ ಮಾಡುವ ನಮ್ಮ ಲೈನ್‌ಮನ್‌ಗೆ ಆಗತಾನೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಡಾಕ್ಟರು ಹಾಕಿಕೊಳ್ಳಲು ಹೇಳಿದ್ದ ಕನ್ನಡಕ ಅದು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಠಾಣೆಯಿಂದ ಕರೆ ಬಂತು. ಹೋದೆ. ಯಾರೂ ಗದರಿಸಲಿಲ್ಲ, ಅದನ್ನು ಮೊದಲು ಹೇಳಬೇಕು. ಸಬ್ ಇನ್‌ಸ್ಪೆಕ್ಟರ್ ನನ್ನ ಮಗನ ವಯಸ್ಸಿನವರು, ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು. "ಸಾರ್, ನೀವು ದೊಡ್ಡೋರು. ನಾಟಕ ಈಗ ಬೇಡ, ಸ್ವಲ್ಪ ದಿನ ಆಗ್ಲಿ" ಅಂದರು. ಯಾಕೆ ಅಂದೆ. ಕಾನೂನು ಸುವ್ಯವಸ್ಥೆ ಅಂದರು. ಯಾರಾದರೂ ದೂರು ಕೊಟ್ಟಿದ್ದಾರೆಯೇ ಅಂದೆ. ದೂರು ಅಂತ ಇಲ್ಲ, ಮೇಲಿಂದ ಹೇಳಿದ್ದಾರೆ ಅಂದರು. ಸರಿ, ಅದನ್ನೇ ಒಂದು ಸಾಲು ಬರೆದು ಕೊಡಿ ಅಂದೆ.

ಆಗ ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಗಾಬರಿ. ನಾನೇನೋ ಅವರ ಪಿಸ್ತೂಲು ಕೇಳಿದಂತೆ. ಪಕ್ಕದ ಮೇಜಿನಲ್ಲಿ ಠಾಣೆಯ ರೈಟರ್ ಕೂತಿದ್ದರು. ಅವರ ಮುಂದೆ ನನ್ನ ನಾಟಕದ ಹಸ್ತಪ್ರತಿ, ಅರವತ್ತನಾಲ್ಕು ಪುಟ. ಇಪ್ಪತ್ತಮೂರನೇ ಪುಟದ ಮೂಲೆ ಮಡಿಸಿತ್ತು, 'ಒತ್ತುವರಿ' ಎಂಬ ಪದದ ಕೆಳಗೆ ಪೆನ್ಸಿಲ್ ಗೀಟು ಇತ್ತು. ರೈಟರ್ ಎಂಬ ಹುದ್ದೆಯಲ್ಲಿ ಕೂತವರು ಗೀಟು ಎಳೆಯುತ್ತಾರೆ, ಬರೆಯಲು ಮಾತ್ರ ಒಲ್ಲರು.

ಮಾತು ಮುಂದುವರಿದು ಇನ್ನೊಂದು ದಾರಿ ತೋರಿಸಿದರು. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ತಂಡದವರೆಲ್ಲ ಮುಚ್ಚಳಿಕೆ ಬರೆದುಕೊಡಬೇಕು: ಯಾವುದೇ ಅಹಿತಕರ ಘಟನೆ ನಡೆದಲ್ಲಿ ನಾವೇ ಹೊಣೆ. ಅಂದರೆ ಹೊರಗಿನವನೊಬ್ಬ ಬಂದು ಕಲ್ಲು ಹೊಡೆದರೆ ನಮ್ಮ ಅಂಗನವಾಡಿ ಟೀಚರಮ್ಮ ಹೊಣೆ. ನಾವು ಬರೆದುಕೊಡಬೇಕಾದರೆ ಛಾಪಾ ಕಾಗದವೇ ಆಗಬೇಕು. ಅವರು ಬರೆದುಕೊಡಲು ಬಿಳಿ ಹಾಳೆಯೂ ಇಲ್ಲ.

ತಮಾಷೆಯೆಂದರೆ, ಧ್ವನಿವರ್ಧಕದ ಪರವಾನಗಿ ಅಷ್ಟರಲ್ಲಿ ಕೈಗೆ ಬಂದಿತ್ತು. ಸೀಲು, ಸಹಿ, ರಾತ್ರಿ ಹತ್ತರ ನಂತರ ಬಳಸಕೂಡದೆಂಬ ಷರತ್ತು, ಎಲ್ಲ ಇತ್ತು. ಮೈಕಿಗೆ ಪರವಾನಗಿ ಸಿಕ್ಕಿತು, ಮೈಕಿನ ಮುಂದೆ ಆಡುವ ಮಾತಿಗೆ ಸಿಗಲಿಲ್ಲ.

ಭವನದವರು ಬುಕಿಂಗ್ ರದ್ದು ಮಾಡಿದರು. ಠಾಣೆಯಿಂದ ಫೋನ್ ಬಂದಿತ್ತಂತೆ. ನಾನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನಮ್ಮ ನಾಟಕ ನಿಲ್ಲಿಸಿದ ಆದೇಶದ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. 'ತಾವು ಕೋರಿರುವ ನಾಟಕವನ್ನು ನಿಷೇಧಿಸಿ ಈ ಕಚೇರಿಯಿಂದ ಯಾವುದೇ ಆದೇಶ ಹೊರಡಿಸಿರುವುದಿಲ್ಲ.' ಅದನ್ನು ಎರಡು ಸಲ ಓದಿ ಭವನದ ಮ್ಯಾನೇಜರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ಮಡಿಸಿ ವಾಪಸ್ ಕೊಟ್ಟು, "ಇದೆಲ್ಲ ಸರಿ ಸಾರ್, ಸ್ಟೇಷನ್ನಿಂದ ಒಂದು ಫೋನ್ ಮಾಡಿಸಿಬಿಡಿ" ಅಂದರು.

ಮಾನ್ಯರೇ, ನನ್ನ ಕುಂದುಕೊರತೆ ಇಷ್ಟೇ. ನಾಟಕ ನಿಂತಿದೆ, ಅದನ್ನು ಯಾರೂ ನಿಲ್ಲಿಸಿಲ್ಲ.

ಮಾತಿಗೆ ಮಿತಿಯೇ ಇರಬಾರದು ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟ ಉಸಿರಿನಲ್ಲೇ ಮಿತಿಯನ್ನೂ ಹೇಳಿದೆ. ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇವುಗಳಲ್ಲಿ 'ಸಾರ್ವಜನಿಕ ಸುವ್ಯವಸ್ಥೆ' ಮೊದಲಿಗೆ ಇರಲಿಲ್ಲ, 1951ರ ಮೊದಲ ತಿದ್ದುಪಡಿಯಲ್ಲಿ ಬಂತು. ಅದೇ ತಿದ್ದುಪಡಿಯಲ್ಲಿ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಮಾತೂ ಸೇರಿತು. ಸಮಂಜಸವೋ ಅಲ್ಲವೋ ಎಂದು ನೋಡಲು ನಿರ್ಬಂಧ ಕಣ್ಣಿಗೆ ಕಾಣಬೇಕಲ್ಲವೇ? ಈ ಪಟ್ಟಿಯ ಆಚೆ ಹೊಸ ನಿರ್ಬಂಧ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಹೇಳಿದೆ. 'ಮೇಲಿಂದ ಹೇಳಿದ್ದಾರೆ' ಎಂಬುದು ಆ ಪಟ್ಟಿಯಲ್ಲಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆಯಬಾರದೆಂದು ಬೆಂಗಳೂರಿನಲ್ಲಿ ಮೂರು ದಿನ 144ನೇ ಸೆಕ್ಷನ್ ಹಾಕಿದ್ದರು. ಪುರಭವನದ ಮುಂದೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. 2020ರ ಫೆಬ್ರುವರಿ 13ರಂದು ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದಿತು. ಪ್ರತಿಭಟನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನ್ಯಾಯಾಲಯ ಹೋಗಲಿಲ್ಲ. ಆದೇಶದಲ್ಲಿ ಕಾರಣಗಳನ್ನು ದಾಖಲಿಸಿಲ್ಲ ಎಂಬುದೇ ಅದರ ತಕರಾರು. ಒಬ್ಬ ಶಿರಸ್ತೇದಾರನಿಗೆ ಆ ತೀರ್ಪು ಎಷ್ಟು ಹಿತವಾಗಿತ್ತೆಂದು ತಮಗೆ ಹೇಗೆ ವಿವರಿಸಲಿ! ನಾವು ಹೊಸ ಗುಮಾಸ್ತರಿಗೆ ಮೊದಲ ವಾರ ಹೇಳಿಕೊಡುವ ಪಾಠ ಅದು. ಅದಕ್ಕೂ ತಿಂಗಳ ಮುಂಚೆ, ಅನುರಾಧಾ ಭಸೀನ್ ಪ್ರಕರಣದಲ್ಲಿ, ಇಂಥ ಆದೇಶಗಳನ್ನು ಪ್ರಕಟಿಸಬೇಕು, ಬಾಧಿತರು ಪ್ರಶ್ನಿಸಲು ಆಗಬೇಕು ಎಂದು ಸುಪ್ರೀಂ ಕೋರ್ಟೂ ಹೇಳಿತ್ತು.

ಅದರಿಂದ ಇಲಾಖೆ ಕಲಿತದ್ದೇನು? ಕಾರಣ ಬರೆಯದ ಆದೇಶ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಅಂದರೆ, ಆದೇಶವನ್ನೇ ಬರೆಯದಿದ್ದರೆ ಬೀಳುವ ಪ್ರಶ್ನೆಯೇ ಇಲ್ಲ ಎಂದು ಕಲಿತಂತಿದೆ.

2025ರ ಜೂನ್‌ನ 'ಥಗ್ ಲೈಫ್' ಸಿನಿಮಾದ ಗಲಾಟೆ ತಮಗೆ ನೆನಪಿರಬೇಕು. ಕನ್ನಡ ತಮಿಳಿನಿಂದ ಹುಟ್ಟಿತು ಎಂದ ಕಮಲ್ ಹಾಸನ್ ಅವರ ಮಾತು ನನಗೂ ಹಿಡಿಸಲಿಲ್ಲ; ನಮ್ಮ ಮನೆಯಲ್ಲಿ ಎರಡು ದಿನ ಅದೇ ಚರ್ಚೆ. ಆದರೆ ಸೆನ್ಸಾರ್ ಪ್ರಮಾಣಪತ್ರ ಪಡೆದ ಸಿನಿಮಾ ಜೂನ್ 5ರಂದು ದೇಶದ ಉಳಿದೆಡೆ ಬಿಡುಗಡೆಯಾಗಿ ನಮ್ಮಲ್ಲಿ ಆಗಲಿಲ್ಲ. ಸರ್ಕಾರ ನಿಷೇಧಿಸಿತ್ತೇ? ಇಲ್ಲ. ಆದೇಶ ಇತ್ತೇ? ಅದೂ ಇಲ್ಲ. ಗುಂಪುಗಳ ಬೆದರಿಕೆಗೆ ಸಿನಿಮಾ ನಿಲ್ಲುವಂತಾಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ರಕ್ಷಣೆ ಕೊಡುತ್ತೇವೆಂದು ರಾಜ್ಯ ಭರವಸೆ ಕೊಡಬೇಕಾಯಿತು. ಹೊಸ ಮಾತೂ ಅಲ್ಲ ಅದು. ಪ್ರತಿಭಟನೆಯ, ಹಿಂಸಾಚಾರದ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದು 1989ರಲ್ಲೇ, ರಂಗರಾಜನ್ ಪ್ರಕರಣದಲ್ಲಿ, ತೀರ್ಮಾನವಾಗಿದೆ. ಕೋಟಿಗಟ್ಟಲೆ ಬಂಡವಾಳದ ಸಿನಿಮಾದವರು ವಕೀಲರನ್ನು ಹಿಡಿದು ಕೋರ್ಟಿಗೆ ಹೋದರು. ನಮ್ಮ ತಂಡದ ಖಜಾನೆಯಲ್ಲಿ ಸದ್ಯ ಇರುವುದು ನಾಲ್ಕು ಸಾವಿರದ ಇನ್ನೂರು ರೂಪಾಯಿ, ಅದರಲ್ಲಿ ಮೇಕಪ್‌ನವರ ಬಾಕಿ ಒಂದೂವರೆ ಸಾವಿರ.

ಮೊಬೈಲಿನ ಕಡೆಯೂ ಇದೇ ಕಥೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಜಾಲದ ಬರಹಕ್ಕೆ ಜೈಲು ಹೇಳುತ್ತಿದ್ದ 66ಎ ಸೆಕ್ಷನ್ ರದ್ದಾದದ್ದನ್ನು ಎಲ್ಲರೂ ನೆನೆಯುತ್ತಾರೆ. ಸತ್ತ ಆ ಸೆಕ್ಷನ್ನಿನಡಿ ದೇಶದ ಠಾಣೆಗಳು ಮತ್ತೆ ಏಳು ವರ್ಷ ಕೇಸು ಹಾಕುತ್ತಲೇ ಇದ್ದು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ತಾಕೀತು ಮಾಡಬೇಕಾಯಿತು, ಅದು ಬೇರೆ ನಾಚಿಕೆ. ನಾನು ಹೇಳಹೊರಟದ್ದು ಅದೇ ತೀರ್ಪಿನ ಇನ್ನೊಂದು ಭಾಗ. ಜಾಲತಾಣ ತಡೆಯುವ ಅಧಿಕಾರ ಕೊಡುವ 69ಎ ಸೆಕ್ಷನ್ನನ್ನು ನ್ಯಾಯಾಲಯ ಎತ್ತಿಹಿಡಿಯಿತು. ಯಾಕೆ? ಅಲ್ಲಿ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಆದ್ದರಿಂದ ಬಾಧಿತರು ಹೈಕೋರ್ಟಿಗೆ ಹೋಗಬಹುದು ಎಂಬುದು ಕೊಟ್ಟ ಕಾರಣಗಳಲ್ಲೊಂದು. ಆದರೆ ಅದೇ ಸೆಕ್ಷನ್ನಿನಡಿಯ 2009ರ ನಿಯಮಗಳಲ್ಲಿ 16ನೆಯದು ಎಲ್ಲವನ್ನೂ ಗೋಪ್ಯವಾಗಿಡಿ ಅನ್ನುತ್ತದೆ. ಬರೆಯಬೇಕು, ಬರೆದದ್ದನ್ನು ತೋರಿಸಬಾರದು! ಕಡತವನ್ನು ಬೀರುವಿನಲ್ಲಿಟ್ಟು ಕೀಲಿ ನುಂಗಿದ ಹಾಗೆ.

ಅದಾದ ಮೇಲೆ ಕೇಂದ್ರದವರು 79ನೇ ಸೆಕ್ಷನ್ನಿನ ಬಲದಲ್ಲಿ ಪೋಸ್ಟ್ ಅಳಿಸಲು ಕಂಪನಿಗಳಿಗೆ ಸೂಚನೆ ಕಳಿಸುವ 'ಸಹಯೋಗ್' ಎಂಬ ಪೋರ್ಟಲ್ ತಂದರು. ಎಕ್ಸ್ ಕಂಪನಿ ಅದನ್ನು ನಮ್ಮ ಹೈಕೋರ್ಟಿನಲ್ಲೇ ಪ್ರಶ್ನಿಸಿತು, 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. 19ನೇ ವಿಧಿ ಇರುವುದು ಈ ದೇಶದ ಪ್ರಜೆಗಳಿಗೆ, ವಿದೇಶಿ ಕಂಪನಿಗೆ ಅದರಡಿ ಹಕ್ಕು ಕೇಳಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಒಪ್ಪಿದೆ. ಹಾಗಾದರೆ ಆ ಕಂಪನಿಯ ಗೋಡೆಯ ಮೇಲೆ ಬರೆದ ಪ್ರಜೆಗೆ ನೋಟಿಸ್ ಬರಬೇಕಲ್ಲ? ಅಳಿಸಲು ಹೇಳುವ ಪತ್ರ ಕಂಪನಿಗೆ ಹೋಗುತ್ತದೆ, ಕಂಪನಿಗೆ ಹಕ್ಕಿಲ್ಲ. ಹಕ್ಕಿರುವವನಿಗೆ ಪತ್ರ ಬರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ ಪೊಲೀಸರಲ್ಲಿ ಡಿಐಜಿ ದರ್ಜೆಗಿಂತ ಕೆಳಗಿನವರು ಇಂಥ ಸೂಚನೆ ಕೊಡುವಂತಿಲ್ಲ, ಕಾನೂನಿನ ಆಧಾರ ಬರೆಯಬೇಕು ಎಂದಿದ್ದಾರೆ. ಒಳ್ಳೆಯ ಹೆಜ್ಜೆಯೇ. ಒಂದು ಪೋಸ್ಟ್ ಅಳಿಸಲು ಡಿಐಜಿ ಸಹಿ ಬೇಕು, ಒಂದು ನಾಟಕ ನಿಲ್ಲಿಸಲು ಲ್ಯಾಂಡ್‌ಲೈನ್ ಸಾಕು ಎಂಬುದಷ್ಟೇ ನನ್ನ ಸಂಕಟ.

ಇನ್ನು ತಮ್ಮದೇ ಮಸೂದೆಯ ವಿಚಾರ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಎರಡೂ ಸದನಗಳು ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಅಂಗೀಕರಿಸಿದವು. ಅದರ ಉದ್ದೇಶವನ್ನು ನಾನು ಹಂಗಿಸುವುದಿಲ್ಲ. ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲಿ ಕೊಂದ 2015ರ ಆಗಸ್ಟ್ 30, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆಮುಂದೆ ಕೊಂದ 2017ರ ಸೆಪ್ಟೆಂಬರ್ 5, ಎರಡನ್ನೂ ನೋಡಿದ ರಾಜ್ಯದಲ್ಲಿ ದ್ವೇಷದ ಮಾತು ಬರೀ ಮಾತು ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಭಯ ಬೇರೆ. ಮಸೂದೆಯಲ್ಲಿ ಒಂದರಿಂದ ಏಳು ವರ್ಷದವರೆಗೆ ಜೈಲು, ಜಾಮೀನಿಲ್ಲದ ಅಪರಾಧ. ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ, ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಡಿವೈಎಸ್ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತಿಗೆ ಸಂಬಂಧಿಸಿದ ಕೇಸುಗಳಲ್ಲಿ ಇದನ್ನು ಬಳಸುವುದೇ ಸರಿ ಎಂದು 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ಕವಿತೆಗಾಗಿ ಗುಜರಾತಿನಲ್ಲಿ ಹಾಕಿದ್ದ ಕೇಸು ಅದು. ತಮ್ಮ ಮಸೂದೆ ಶಿಕ್ಷೆಯನ್ನು ಏಳಕ್ಕೆ ಏರಿಸಿದ್ದರಿಂದ ಆ ಹದಿನಾಲ್ಕು ದಿನದ ಉಸಿರಾಟವೇ ಇಲ್ಲವಾಗುತ್ತದೆ. ಆರು ವರ್ಷ ಹನ್ನೊಂದು ತಿಂಗಳು ಎಂದು ಬರೆದಿದ್ದರೂ ಒಂದು ತಪಾಸಣೆ ಉಳಿಯುತ್ತಿತ್ತು. ಇದು ಕಣ್ತಪ್ಪೋ, ಬೇಕೆಂದೇ ಮಾಡಿದ್ದೋ, ತಮ್ಮ ಕಾನೂನು ಇಲಾಖೆಯವರನ್ನು ಕೇಳಬೇಕು.

ಕಾನೂನು ಎಷ್ಟೇ ನಯವಾಗಿದ್ದರೂ ಕೊನೆಗೆ ಅದು ಬಂದು ಕೂರುವುದು ಇಪ್ಪತ್ತಮೂರನೇ ಪುಟದ ಮೂಲೆ ಮಡಿಸಿದ ಆ ಮೇಜಿನ ಮೇಲೆಯೇ. ಬೀದರಿನ ಶಾಲೆಯೊಂದರ ಮಕ್ಕಳು 2020ರ ಜನವರಿಯಲ್ಲಿ ಆಡಿದ ನಾಟಕಕ್ಕೆ ರಾಜದ್ರೋಹದ ಕೇಸು ಬಿದ್ದಿತ್ತು. ಒಬ್ಬ ಮುಖ್ಯಶಿಕ್ಷಕಿ, ಒಂದು ಮಗುವಿನ ತಾಯಿ ಜೈಲಿಗೆ ಹೋದರು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಸಮವಸ್ತ್ರದ ಪೊಲೀಸರು ಕೂರಿಸಿಕೊಂಡು ವಿಚಾರಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟ್ ಕೇಸನ್ನೇ ರದ್ದು ಮಾಡಿತು. ಕೇಸು ಹಾಕಿದಾಗ ಇದ್ದದ್ದು ಬೇರೆ ಪಕ್ಷದ ಸರ್ಕಾರ ಎಂದು ತಾವು ಹೇಳಬಹುದು. ಮೇಜು ಅದೇ, ಮಾನ್ಯರೇ. ಸರ್ಕಾರ ಬದಲಾದಾಗ ಅದರ ಮೇಲಿನ ಫೋಟೊ ಬದಲಾಗುತ್ತದೆ.

ನಮ್ಮ ತಂಡದ ಹುಡುಗಿಯೊಬ್ಬಳು, ಕಪ್ಪೆಯ ಪಾತ್ರ ಮಾಡುವವಳು, ಮೊನ್ನೆ ಕೇಳಿದಳು: "ಮಾವ, ಆ ಒತ್ತುವರಿ ಅನ್ನೋ ಪದ ತೆಗೆದುಬಿಟ್ಟರೆ ಬಿಡ್ತಾರಾ?" ಉತ್ತರ ಹೇಳಲು ನನಗೆ ಆಗಲಿಲ್ಲ. ಯಾವ ಪದ ತಪ್ಪು ಎಂದು ಯಾರೂ ಬರೆದು ಕೊಟ್ಟಿಲ್ಲ, ಪೆನ್ಸಿಲ್ ಗೀಟನ್ನು ನಂಬಿ ನಾಟಕ ತಿದ್ದಲೇ? ಆದರೂ ಆ ರಾತ್ರಿ ಹಸ್ತಪ್ರತಿ ತೆಗೆದು, 'ಒತ್ತುವರಿ' ಇದ್ದ ಕಡೆಯೆಲ್ಲ 'ಅನುಭವ' ಅಂತ ಹಾಕಿದರೆ ಹೇಗೆ ಎಂದು ಓದಿ ನೋಡಿದೆ. ಹದಿನೇಳು ಕಡೆ ಇತ್ತು. ಮೂರು ಕಡೆ ತಿದ್ದಿಯೂ ಬಿಟ್ಟಿದ್ದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ ರಬ್ಬರ್ ತಗೊಂಡು ಅಳಿಸಿದೆ. ಆ ಮೂರು ತಿದ್ದುಪಡಿಗಳು ಯಾವ ಕೋರ್ಟಿನ ಲೆಕ್ಕಕ್ಕೂ ಬರುವುದಿಲ್ಲ.

ತಮ್ಮಲ್ಲಿ ದೊಡ್ಡದೇನೂ ಬೇಡುತ್ತಿಲ್ಲ. ಕೇಸು ವಾಪಸ್ ಪಡೆಯುವುದು ಬೇಡ, ಯಾಕೆಂದರೆ ಕೇಸೇ ಇಲ್ಲ. ಪರಿಹಾರವೂ ಬೇಡ. ಎಲ್ಲ ಠಾಣೆಗಳಿಗೆ ಒಂದು ಸುತ್ತೋಲೆ ಹೊರಡಿಸಿ: ಸಭೆ, ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ, ಯಾವುದಕ್ಕೇ ಆಗಲಿ ಅರ್ಜಿ ಬಂದರೆ ಸೀಲು ಹಾಕಿ ಸ್ವೀಕೃತಿ ಕೊಡಬೇಕು, ಬೇಡ ಅನ್ನುವುದಾದರೆ ಯಾವ ಸೆಕ್ಷನ್ನಿನಡಿ, ಯಾವ ಕಾರಣಕ್ಕೆ, ಯಾರ ಆದೇಶದಂತೆ ಎಂದು ಬರೆದು ಸಹಿ ಹಾಕಬೇಕು, ಬರೆದು ಕೊಡದ ನಿರಾಕರಣೆಯನ್ನು ನಿರಾಕರಣೆ ಎಂದು ಪರಿಗಣಿಸತಕ್ಕದ್ದಲ್ಲ. ಭವನದ ಮ್ಯಾನೇಜರುಗಳಿಗೆ ಫೋನ್ ಮಾಡುವುದನ್ನು ನಿಲ್ಲಿಸಲು ಹೇಳಿ. ಜಾತಿ ಪ್ರಮಾಣಪತ್ರದ ಅರ್ಜಿ ತಿರಸ್ಕರಿಸಿದರೆ 'ಸಕಾಲ'ದಲ್ಲಿ ಕಾರಣ ಹೇಳಬೇಕೆಂದು ಇದೇ ರಾಜ್ಯ ಕಾಯ್ದೆ ಮಾಡಿದೆ. ಒಂದು ಕಪ್ಪೆಯ ಅರ್ಜಿಗೂ ನನ್ನ ನಾಟಕದ ಗುಮಾಸ್ತ ಕೊನೆಯ ದೃಶ್ಯದಲ್ಲಿ ಹಿಂಬರಹ ಕೊಡುತ್ತಾನೆ.

ಹೊಸ ಅರ್ಜಿಯನ್ನು ಮೊನ್ನೆ ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೆ ಕಳಿಸಿದ್ದೇವೆ. ತಲುಪಿದ್ದಕ್ಕೆ ಮೆಸೇಜ್ ಬಂದಿದೆ. ಮುಂದಿನ ತಿಂಗಳ ಎರಡನೇ ಶನಿವಾರ, ಸಂಜೆ ಆರೂವರೆಗೆ ಪ್ರದರ್ಶನ. ಭವನ ಸಿಗದಿದ್ದರೆ ನಮ್ಮ ಮನೆಯ ಹಿಂದಿನ ಕಣದಲ್ಲಿ ಆಡುತ್ತೇವೆ. ಟಿಕೆಟ್ ಇಲ್ಲ. ಮುಂದಿನ ಸಾಲಿನಲ್ಲಿ ತಮಗೊಂದು ಕುರ್ಚಿ ಇಟ್ಟಿರುತ್ತೇವೆ, ಬಿಡುವು ಮಾಡಿಕೊಂಡು ಬರಬೇಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹವ್ಯಾಸಿ ನಾಟಕ ತಂಡ
(ಹೆಸರು, ವಿಳಾಸ, ಸಹಿ ತಮಗೆ ಕಳಿಸಿದ ಮೂಲ ಪ್ರತಿಯಲ್ಲಿದೆ)

ಪ್ರತಿ: ನಮ್ಮೂರಿನ ಠಾಣೆಗೆ, ಮಾಹಿತಿಗಾಗಿ ಮತ್ತು ಹಿಂಬರಹಕ್ಕಾಗಿ.